ಮನೆಯಲ್ಲಿ ಕರೆಯದ ಹೆಸರು

ನನ್ನ ಹೆಸರು ಕೊಟ್ರವ್ವ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಈ ಕಾಲದಲ್ಲಿ ಇಂಥ ಹೆಸರೇ ಎಂದು ನಗುವುದಿದ್ದರೆ ಈಗಲೇ ನಕ್ಕುಬಿಡಿ, ಆಮೇಲೆ ಕಥೆಗೆ ಅಡ್ಡ ಬರುತ್ತದೆ. ನಾನು ಹುಟ್ಟುವ ಮೊದಲೇ ತೀರಿಕೊಂಡ ಅಪ್ಪನ ತಾಯಿಯ ಹೆಸರದು. ಇಡುವುದೇನೋ ಇಟ್ಟರು, ಕರೆಯುವವರು ಮಾತ್ರ ಮನೆಯಲ್ಲಿ ಯಾರೂ ಇಲ್ಲ. ಹೆತ್ತವಳ ಹೆಸರು ಹಿಡಿದು ಕೂಗುವುದು ಹೇಗೆ ಎಂದು ಅಪ್ಪ ನನ್ನನ್ನು ‘ಅವ್ವ’ ಅನ್ನುತ್ತಾನೆ. ಅತ್ತೆಯ ಹೆಸರನ್ನು ಸೊಸೆ ಬಾಯಿಗೆ ತರಬಾರದೆಂದು ಅಮ್ಮ ‘ಏ ಇವಳೇ’ ಅನ್ನುತ್ತಾಳೆ. ಹೀಗಾಗಿ ನನ್ನ ಹೆಸರು ಕಿವಿಗೆ ಬೀಳುತ್ತಿದ್ದದ್ದು ಶಾಲೆಯಲ್ಲಿ ಮಾತ್ರ. ಅಲ್ಲಿ ಅದರದು ನಾಯಿಪಾಡು.

ಹರಿಹರದಿಂದ ಬೆಳಗಿನ ಟ್ರೇನಿಗೆ ದಾವಣಗೆರೆ, ಅಲ್ಲಿಂದ ಸಿಟಿ ಬಸ್ಸಿನಲ್ಲಿ ಸರಸ್ವತಿ ನಗರದ ಶಾಲೆ. ಟ್ರೇನಿನ ಕಿಟಕಿಗೆ ತಲೆ ಆನಿಸಿದರೆ ಜೊಂಪು ಹತ್ತುತ್ತದೆ. ಆಗ ಎದುರು ಸೀಟಿನಲ್ಲಿ ಅಜ್ಜಿ ಬಂದು ಕೂರುತ್ತಾಳೆ. ಫೋಟೋದಲ್ಲಿರುವ ಅದೇ ಇಳಕಲ್ ಸೀರೆ, ಮಡಿಲಲ್ಲಿ ಎಲೆ ಅಡಿಕೆಯ ಚೀಲ. ಊರಲ್ಲೇ ಉಳಿಯಬೇಕಾದ ತುಂಗಭದ್ರೆಯೂ ಅವಳ ಹಿಂದೆಯೇ ಟ್ರೇನು ಹತ್ತಿರುತ್ತಾಳೆ. ಬೋಗಿಯ ತುಂಬ ಕಣಕಾಲು ಮುಳುಗುವಷ್ಟು ನೀರು, ಯಾರಿಗೂ ಗಾಬರಿಯಿಲ್ಲ. “ನಿನ್ ಹೆಸರು ನೀನೇ ವಾಪಸ್ ತಗೋ ಅಜ್ಜಿ,” ಅನ್ನುತ್ತೇನೆ. ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿರುತ್ತಾಳೆ. ಅಷ್ಟರಲ್ಲಿ ದಾವಣಗೆರೆ ಬರುತ್ತದೆ.

ಕ್ಲಾಸಿನಲ್ಲಿ ಮಾಳಿಂಗಪ್ಪ ಸಾರ್ ತಲೆ ಎತ್ತದೆ ಹಾಜರಿ ಕೂಗುತ್ತಿದ್ದರು. ನನ್ನ ಹೆಸರು ಬಂದ ಕೂಡಲೇ ಕೃತಿಕಾ ಮುದುಕಿಯ ದನಿ ತೆಗೆದು “ಬಂದ್ನೋ ಯಪ್ಪಾ, ನನ್ ಕೋಲು ಎಲ್ಲೈತೋ,” ಅನ್ನುತ್ತಿದ್ದಳು. ಹಿಂದಿನ ಬೆಂಚುಗಳೆಲ್ಲ ಕೆಮ್ಮುತ್ತಿದ್ದವು. ಹಲ್ಲಿಲ್ಲದವರಿಗೆ ರೊಟ್ಟಿ ಯಾಕೆಂದು ಮಧ್ಯಾಹ್ನ ನನ್ನ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದ ಬಿಂದು, “ನಿನ್ ಜೊತಿ ಕುಂತ್ರೆ ನಂಗೂ ಅಜ್ಜಿ ಅಂತಾರೆ,” ಎಂದು ಮುಂದಿನ ಬೆಂಚಿಗೆ ಹೋದಳು. ಕೃತಿಕಾಳಿಗಿಂತ ಬಿಂದುವಿನ ಮೇಲೆಯೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಗಣಿತದ ಉತ್ತರ ಗೊತ್ತಿದ್ದರೂ ಕೈ ಎತ್ತುವುದನ್ನು ಬಿಟ್ಟೆ, ಎತ್ತಿದರೆ ಹೆಸರು ಹಿಡಿದು ಕರೆಯುತ್ತಾರಲ್ಲ. ಕೊನೆಗೆ ಹಾಜರಿಗೂ ಬಾಯಿ ಬಿಡಲಿಲ್ಲ. ಸಾರ್ “ಸೈಲೆನ್ಸ್” ಎಂದು ಗದರಿ ಮುಂದಿನ ಹೆಸರಿಗೆ ಹೋಗಿಬಿಡುತ್ತಿದ್ದರು. ಹೀಗೆ ಕ್ಲಾಸಿನಲ್ಲೇ ಕೂತುಕೊಂಡು ನಾನು ಗೈರುಹಾಜರಾಗುತ್ತಾ ಹೋದೆ.

ಒಂದು ದಿನ ಶಾಲೆಯಿಂದ ಮನೆಗೆ ಫೋನು ಬಂತು. ಹಾಜರಿ ಸಾಲದು, ಪರೀಕ್ಷೆಗೆ ಕೂರಿಸುವುದಿಲ್ಲ, ಬಂದು ಕಾಣಿರಿ.

“ದಿನಾ ಡಬ್ಬಿ ಕಟ್ಟಿ ಕಳಿಸ್ತೀನಿ, ಎಲ್ಲಿಗೆ ಹೋಗ್ತಿದ್ದೆ?” ಅಮ್ಮ ಕೇಳಿದಳು.

“ಸಾಲಿಗೇ.”

“ಮತ್ತೆ ಅವರ್ಯಾಕ ಹಂಗಂತಾರೆ?”

ನಾನು ಡಬ್ಬಿ ತೊಳೆಯಲು ಹಿತ್ತಲಿಗೆ ಹೋದೆ. ಮರುದಿನ ಅಮ್ಮ ನನ್ನ ಜೊತೆಗೇ ಟ್ರೇನು ಹತ್ತಿ, ಅಜ್ಜಿ ಕೂರುವ ಜಾಗದಲ್ಲಿ ಕೂತಳು. ಅವತ್ತು ನಿದ್ದೆ ಹತ್ತಲಿಲ್ಲ.

ಕ್ಲಾಸಿಗೆ ಹೋಗಿ ನಾನು ನನ್ನ ಜಾಗದಲ್ಲಿ ಕೂತೆ. ಅಮ್ಮ ಬಾಗಿಲಲ್ಲಿ ನಿಂತಳು. ಸಾರ್ ಹಾಜರಿ ಪುಸ್ತಕ ತೆರೆದಿದ್ದರು.

“ಒಳಗ್ ಬರ್ರಿ. ಯಾರ ತಾಯಿ ನೀವು?”

“ಆ ಹುಡುಗೀದ್ರಿ,” ಅಮ್ಮ ನನ್ನ ಕಡೆ ಕೈ ತೋರಿಸಿದಳು.

“ಹೆಸರು ಹೇಳ್ರಿ.”

ಅಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡಳು. “ನಮ್ಮತ್ತಿ ಹೆಸರು ಐತ್ರಿ ಅದು. ನಾ ಹೇಳಂಗಿಲ್ಲ.”

ಕ್ಲಾಸು ಗೊಳ್ಳೆಂದಿತು. ಸಾರ್ ಪುಸ್ತಕದ ಮೇಲೆ ಬೆರಳಾಡಿಸಿ, “ಕೊಟ್ರವ್ವ ಏನ್ರಿ?” ಎಂದರು. ಕೃತಿಕಾಳಿಗೆ ತಡೆಯಲಾಗಲಿಲ್ಲ. “ಬಂದ್ನೋ ಯಪ್ಪಾ...” ಬೆಂಚುಗಳು ಕೆಮ್ಮಿದವು.

ಅಮ್ಮ ಆ ಕಡೆ ನೋಡಿದಳು, ಆಮೇಲೆ ತಲೆ ತಗ್ಗಿಸಿ ಕೂತಿದ್ದ ನನ್ನನ್ನು ನೋಡಿದಳು. ನಾನು ಎಲ್ಲಿಗೆ ಹೋಗುತ್ತಿದ್ದೆ ಎಂಬುದು ಅವಳಿಗೆ ತಿಳಿದುಹೋಯಿತು.

“ದಿನಾ ಹಿಂಗೇ ಏನ್ರಿ?”

ಸಾರ್ ಹಾಜರಿ ಪುಸ್ತಕದತ್ತ ಕಣ್ಣು ಇಳಿಸಿದರು. ಅಮ್ಮ ಕಣ್ಣು ಮುಚ್ಚಿ ಕೈ ಜೋಡಿಸಿ, “ಅತ್ತಿ, ತಪ್ಪಾತು, ಹೊಟ್ಟ್ಯಾಗ ಹಾಕ್ಕೊಳ್ರಿ,” ಎಂದು ಮೆಲ್ಲಗೆ ಅಂದಳು. ಆಮೇಲೆ ಕಣ್ಣು ತೆರೆದು ಕರೆದಳು.

“ಕೊಟ್ರವ್ವ.”

ಆ ಹೆಸರನ್ನು ಅಲ್ಲಿಯವರೆಗೆ ಪ್ರೀತಿಯಿಂದ ಕರೆದವರೇ ಇರಲಿಲ್ಲ. ನನ್ನ ಹೆಸರು ಇಷ್ಟು ಚೆಂದವಿದೆಯೆಂದು ನನಗೇ ಗೊತ್ತಿರಲಿಲ್ಲ. ಅಳು ಬಂತು. ಎಚ್ಚರವಿದ್ದೂ ನೋಡುತ್ತೇನೆ, ಕ್ಲಾಸಿನ ನೆಲದ ಮೇಲೆ ಹೊಳೆ ಹರಿಯುತ್ತಿದೆ. ಕೃತಿಕಾಳ ಶೂ, ಸಾರ್ ಚಪ್ಪಲಿ, ಬಿಂದುವಿನ ಬ್ಯಾಗು ಎಲ್ಲ ತೊಯ್ಯುತ್ತಿವೆ. ನಾನು ಎದ್ದು ನಿಂತು “ಎಸ್ ಸಾರ್,” ಎಂದೆ. ಸಾರ್ ತಲೆ ಎತ್ತಿ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

“ನನ್ ತಪ್ಪೂ ಐತಮ್ಮ,” ಎಂದು ಪೆನ್ನು ಕೈಗೆ ತೆಗೆದುಕೊಂಡರು. “ಕೃತಿಕಾ, ನೀನು ನನ್ ಜೊತಿ ಆಫೀಸಿಗೆ ಬಾ.”

ಅಮ್ಮ ಸಂಜೆಯವರೆಗೆ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕಾದಿದ್ದಳು. ಟ್ರೇನಿನಲ್ಲಿ “ಇನ್ನೊಂದ್ ಸಲ ಕರಿಯಮ್ಮ,” ಎಂದೆ.

“ಸುಮ್ನೆ ಕುಂದ್ರು. ಅತ್ತಿ ಏನಂದ್ಕೊಂತಾರೆ?”

ನಾಳೆ ಕೃತಿಕಾ ಅಲ್ಲದಿದ್ದರೆ ಇನ್ನೊಬ್ಬರು ಕೆಮ್ಮುತ್ತಾರೆ, ಅದು ನನಗೆ ಗೊತ್ತು. ಯೋಚಿಸುತ್ತಲೇ ಕಿಟಕಿಗೆ ತಲೆ ಆನಿಸಿದೆ, ಜೊಂಪು ಹತ್ತಿತು.

“ಕೊಟ್ರವ್ವ, ಊರು ಬಂತು, ಏಳು.”

ಕಣ್ಣು ಬಿಟ್ಟರೆ ಎದುರು ಸೀಟು ಖಾಲಿ. ಅಮ್ಮ ನನ್ನ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ದೂರದ ಬಾಗಿಲ ಬಳಿ ನಿಂತಿದ್ದಳು. ಕರೆದವರು ಯಾರೆಂದು ನಾನು ಕೇಳಲಿಲ್ಲ.

“ಬಂದೆ,” ಎಂದೆ.