ಐಸಿಲ್ಡಾ ಹೊಕ್ಕ ಮುಂಬಾಗಿಲು

“ಪೆಟ್ಟಿಗೆ ಕೆಳಗಿಡಬೇಡ್ರೋ,” ಎಂದು ಆಸ್ಟನ್ ಜೊತೆಗೆ ಹೊತ್ತವರನ್ನು ಗದರಿದ. ಶವಪೆಟ್ಟಿಗೆಯೊಳಗೆ ಮಲಗಿದ್ದವಳು ಅವನ ಅಕ್ಕ ಐಸಿಲ್ಡಾ. ಕೆಂಪು ಕೆಸರು ಮೆತ್ತಿದ ಕಾಲುಗಳಲ್ಲಿ ಎಲ್ಲರೂ ದೊಡ್ಡಮನೆಯ ಗೇಟಿನೆದುರು ನಿಂತರು.

ಮ್ಯಾನೇಜರ್ ಟೈರೆಲ್ ಗೇಟಿಗೆ ಅಡ್ಡವಾಗಿದ್ದ. ಕಬ್ಬಿನ ಕಾಲ ಮುಗಿದ ಮೇಲೆ ತೋಟದ ಯಜಮಾನರ ಈ ದೊಡ್ಡಮನೆ ಹೋಟೆಲಾಗಿತ್ತು. ಇವತ್ತು ಇಂಗ್ಲೆಂಡಿನಿಂದ ಜಮೈಕಾಕ್ಕೆ ಬಂದವರ ಮದುವೆ; ಹುಲ್ಲಿನ ಮೇಲೆ ಬಿಳಿ ಕುರ್ಚಿ ಹಾಕಿದ್ದರು. ಮನೆಯ ಹಿಂದೆ, ದೀವಿಹಲಸಿನ ಮರದಡಿ, ಕಬ್ಬು ಕಡಿದು ಸತ್ತವರ ಗೋರಿಗಳು. ಐಸಿಲ್ಡಾಳ ತಾಯಿಯೂ ಅಲ್ಲೇ. ಪಕ್ಕದಲ್ಲಿ ಗುಂಡಿ ತೋಡಿ, ಸತ್ತವರ ಪಾಲೆಂದು ರಮ್ ಸುರಿದಾಗಿತ್ತು.

“ಹೂಳಬೇಡಿ ಅಂದ್ನಾ? ಹಿಂದಿನ ಗಾಡಿದಾರೀಲಿ ಹೋಗಿ,” ಎಂದ ಟೈರೆಲ್. “ಅತಿಥಿಗಳ ಕಣ್ಣಿಗೆ ಹೆಣ ಬಿದ್ರೆ ಚೆನ್ನಾಗಿರಲ್ಲ.”

“ಅಲ್ಲಿ ಮಂಡಿವರೆಗೂ ಕೆಸರು,” ಎಂದಳು ಐಸಿಲ್ಡಾಳ ಮಗಳು ವರ್ನಿಸ್. “ಈ ಗೇಟಿಂದ ತರೋಕೆ ಮೊನ್ನೆ ನೀನೇ ಹೂಂ ಅಂದಿದ್ದೆ. ಎಷ್ಟು ನಾಲಿಗೆ ನಿಂಗೆ?”

“ನನ್ನ ಕೆಲಸ ಹೋಗುತ್ತೆ, ವರ್ನಿಸ್.”

“ನಿಮ್ಮಜ್ಜೀನೂ ಅದೇ ಮರದ ಕೆಳಗಿರೋದು ಕಣೋ. ಅವಳನ್ನೂ ಹಿಂದಿನಿಂದಲೇ ಒಯ್ದಿದ್ರು. ಟೈ ಕಟ್ಟಿದ್ಮೇಲೆ ಮರ್ತೋಯ್ತಾ?”

ಟೈರೆಲ್ ಮುಖ ತಿರುಗಿಸಿದ. ಹಾಡು ಹೇಳುವ ಮುದುಕಿ ಊನಾ ಗೊಣಗಿದಳು: “ಬದುಕಿದ್ದಾಗ್ಲೂ ಹಿತ್ತಲು, ಸತ್ಮೇಲೂ ಹಿತ್ತಲು. ಇವಳ ಮಂಡಿ ನೋಡಿದ್ರಾ? ಪೆಟ್ಟಿಗೇಲಿ ನೆಟ್ಟಗೆ ಮಲಗಿಸೋಕೂ ಆಗ್ಲಿಲ್ಲ.”

*

ಆ ಮಂಡಿಗಳನ್ನು ತಿಂದದ್ದು ದೊಡ್ಡಮನೆಯ ಮರದ ನೆಲ. ದಿನಾ ಬೆಳಿಗ್ಗೆ ಐಸಿಲ್ಡಾ ಮಂಡಿಯೂರಿ, ಮೇಣ ಹಚ್ಚಿ, ತೆಂಗಿನ ಸಿಪ್ಪೆಯಿಂದ ಉಜ್ಜುತ್ತಿದ್ದಳು. ಯಜಮಾನಿ ಹೋಗಿ ಹೋಟೆಲು ಬಂದರೂ ಉಜ್ಜುವವಳು ಅವಳೇ. ಬರುವುದು ಹೋಗುವುದು ಮಾತ್ರ ಹಿತ್ತಲಿಂದ.

ಯಜಮಾನಿಯ ಕಾಲದಲ್ಲೊಮ್ಮೆ ಗುಡುಗಿಗೆ ಹೆದರಿದ ಪುಟ್ಟ ವರ್ನಿಸ್ ಮುಂಬಾಗಿಲಿಂದ ಒಳಗೆ ಓಡಿದಳು. ನೆಲದ ಮೇಲೆ ಒದ್ದೆ ಹೆಜ್ಜೆಗಳು ಮೂಡಿದವು. ಯಜಮಾನಿ ಒಮ್ಮೆ ನೆಲ ನೋಡಿದಳು. ಅಷ್ಟಕ್ಕೇ ಐಸಿಲ್ಡಾ ಮಗಳ ಕೆನ್ನೆಗೆ ಬಾರಿಸಿ, ಮತ್ತೆ ಮಂಡಿಯೂರಿದಳು.

“ಆ ಬಾಗಿಲು ನಮ್ದಲ್ಲ,” ಎಂದಳು ಮನೆಗೆ ಹೋಗುವಾಗ. ವರ್ನಿಸ್ ಯಜಮಾನಿಯನ್ನೂ ಕ್ಷಮಿಸಲಿಲ್ಲ, ಅಮ್ಮನನ್ನೂ ಕ್ಷಮಿಸಲಿಲ್ಲ.

*

“ಆಯ್ತು, ಗಾಡಿದಾರಿಗೇ ತಿರುಗ್ರಪ್ಪಾ,” ಎಂದ ಆಸ್ಟನ್. ಎರಡು ಹೆಜ್ಜೆ ಹಾಕಿ ನಿಂತುಬಿಟ್ಟ. “ತಡೀರಿ. ಅಕ್ಕ ಬರ್ತಿಲ್ಲ.”

ಹೊತ್ತವರು ಬೆಚ್ಚಿದರು. ಸತ್ತವರು ಮನಸ್ಸು ಮಾಡಿದರೆ ಪೆಟ್ಟಿಗೆ ತಾನೇ ದಾರಿ ಹಿಡಿಯುತ್ತದೆ, ಹೊತ್ತವರು ಎದುರಾಡಬಾರದು ಎಂಬುದು ಅಲ್ಲಿ ಎಳೆಮಕ್ಕಳಿಗೂ ಗೊತ್ತು. ಪೆಟ್ಟಿಗೆ ವಾಲಿತು, ಗೇಟಿನತ್ತ ತಿರುಗಿತು. ಮೊದಲು ತಿರುಗಿದ್ದು ಮಾವನ ಎಡಗಾಲು ಎಂಬುದನ್ನು ವರ್ನಿಸ್ ಕಂಡಳು. ಹೋಗಿ ತಾನೂ ಹೆಗಲು ಕೊಟ್ಟಳು.

“ಅಮ್ಮ ಎಲ್ಲಿಗೆ ಹೋಗ್ಬೇಕಂತೆ, ಮಾವ?”

“ಮುಂಬಾಗಿಲಿಗೆ.”

ಟೈರೆಲ್ ಅದೇ ಊರಿನವನು; ನಡೆಯುವ ಪೆಟ್ಟಿಗೆಗೆ ಅಡ್ಡ ನಿಲ್ಲುವ ಧೈರ್ಯ ಅವನಿಗಿರಲಿಲ್ಲ. ಪಕ್ಕಕ್ಕೆ ಸರಿದು ಬೇಡಿಕೊಂಡ: “ಒಳಗೆ ಬೇಡ ಕಣೇ. ನೆಲ ಈಗಷ್ಟೇ ಉಜ್ಜಿಸಿದೀನಿ.”

“ಉಜ್ಜಿ ಉಜ್ಜಿ ಸತ್ತೋಳೇ ಬಂದವ್ಳೆ, ನೋಡ್ಕೊಂಡು ಹೋಗ್ಲಿ ಬಿಡು,” ಎಂದಳು ವರ್ನಿಸ್.

ಊನಾ ಹಾಡು ಎತ್ತಿದಳು. ಬಿಳಿ ಕುರ್ಚಿಗಳಲ್ಲಿದ್ದವರು ಎದ್ದು ನಿಂತರು. ಐಸಿಲ್ಡಾ ಮೊದಲ ಸಲ ಮುಂಬಾಗಿಲಿಂದ ಒಳಗೆ ಹೋದಳು. ನಡುಮನೆ ದಾಟಿ ತಾಯಿಯ ಪಕ್ಕಕ್ಕೆ ಹೊರಟಳು. ಹಿಂದೆ ಇಡೀ ಊರು. ಯಾರೂ ಕಾಲು ಒರೆಸಲಿಲ್ಲ.

ಹೊಳೆಯುವ ನೆಲದ ಉದ್ದಕ್ಕೂ ಕೆಂಪು ಹೆಜ್ಜೆಗಳು ಉಳಿದವು. ಮದುವೆಯವರು ಒಳಗೆ ಬರುವ ಹೊತ್ತು. ಟೈರೆಲ್ ಅಭ್ಯಾಸಬಲದಿಂದ ಹಿತ್ತಲಿನತ್ತ ತಿರುಗಿ, “ಐಸಿಲ್ಡಾ” ಎಂದು ಕೂಗಿದ.

ಹಿತ್ತಲಿಂದ ಹಾಡು ಮಾತ್ರ ಕೇಳಿಸುತ್ತಿತ್ತು. ಅವನು ಟೈಯನ್ನು ಹೆಗಲ ಮೇಲಕ್ಕೆ ಎಸೆದುಕೊಂಡು, ಮೂಲೆಯಲ್ಲಿದ್ದ ತೆಂಗಿನ ಸಿಪ್ಪೆ ತೆಗೆದುಕೊಂಡು ಮಂಡಿಯೂರಿದ.