ಎರಡೂ ಹಗ್ಗ ಬಲಕ್ಕೇ ತಿರುಗಿದ ಬಾಗಿಲು

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಫೆಲಿಸ್ಮೀನಾಳ ಮನೆಯ ಮುಂದೆ ಮೇಷ್ಟ್ರ ಗಂಟಲು ಕೇಳಿಸಲೇಬೇಕು. ಬಲ್ತಜಾರ್ ವಲಾದಸ್ ನಿವೃತ್ತ ಚರಿತ್ರೆಯ ಮೇಷ್ಟ್ರು. ಎವೊರಾ ಪಟ್ಟಣ ನೋಡಲು ಬಂದವರನ್ನು ಬೆನ್ನಿಗೆ ಕಟ್ಟಿಕೊಂಡು, ರೋಮನ್ನರ ಕಂಬಗಳನ್ನೂ ದೊಡ್ಡ ಇಗರ್ಜಿಯನ್ನೂ ಮುಗಿಸಿ, ಕೊನೆಗೆ ಈ ಓಣಿಗೆ ಬಂದು ನಿಲ್ಲುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಒಂದು ವಾರವೂ ತಪ್ಪಿಸಿದವರಲ್ಲ. ಒಳಗೆ ಬೆಳ್ಳುಳ್ಳಿ ಜಜ್ಜುತ್ತಿದ್ದ ಫೆಲಿಸ್ಮೀನಾ ಅವರ ಭಾಷಣವನ್ನು ಅವರಿಗಿಂತ ಒಂದು ಮಾತು ಮುಂಚೆಯೇ ಹೇಳಿ ಮುಗಿಸುತ್ತಿದ್ದಳು. ಅಷ್ಟು ಬಾಯಿಪಾಠವಾಗಿತ್ತು.

“ಈ ಬಾಗಿಲು ನೋಡಿ. ಎರಡೂ ಕಡೆ ಕಂಬಗಳನ್ನ ಹಗ್ಗ ಹೊಸೆದ ಹಾಗೆ ಕೆತ್ತಿದಾರೆ. ಬೇರೆ ಎಲ್ಲಾ ಕಡೆ ಒಂದು ಹಗ್ಗ ಎಡಕ್ಕೆ ತಿರುಗಿದ್ರೆ ಇನ್ನೊಂದು ಬಲಕ್ಕೆ ತಿರುಗಿರುತ್ತೆ. ಇಲ್ಲಿ ಎರಡೂ ಬಲಕ್ಕೇ! ಐನೂರು ವರ್ಷದ ಹಿಂದೆ ಯಾರೋ ಒಬ್ಬ ಮಹಾಶಿಲ್ಪಿ ಬೇಕು ಅಂತಲೇ ನಿಯಮ ಮುರಿದಿದಾನೆ. ಹೆಸರು ಗೊತ್ತಿಲ್ಲ. ಅಂಥ ಕೈ ಈ ಊರಲ್ಲಿ ಮತ್ತೆ ಹುಟ್ಟಲಿಲ್ಲ.”

‘ಅಂಥ ಕೈ’ ಎಂಬ ಮಾತು ಬಂದಾಗ, ಕಿಟಕಿಯ ಹಿಂದೆ ಕೂತಿರುತ್ತಿದ್ದ ಅವಳ ಗಂಡ ಜಸಿಂತು ತನ್ನ ಕೈ ನೋಡಿಕೊಳ್ಳುತ್ತಿದ್ದ.

ಬಾಗಿಲು ಕೆತ್ತಿದವನು ಅವನೇ. 1949ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ. ಆಗ ಉಳ್ಳವರಿಗೆಲ್ಲ ತಮ್ಮ ಮನೆಯನ್ನು ಇದ್ದದ್ದಕ್ಕಿಂತ ಹಳೆಯದು ಮಾಡುವ ಹುಚ್ಚು ಹಿಡಿದಿತ್ತು. ಈ ಮನೆಯ ಧಣಿಗೆ ತನ್ನ ವಂಶ ರಾಜರ ಕಾಲದ್ದೆಂದು ತೋರಿಸಬೇಕಿತ್ತು. ಜಸಿಂತು ನಾಲ್ಕು ತಿಂಗಳು ಕೂತು ಅಮೃತಶಿಲೆಯಲ್ಲಿ ಹಗ್ಗ ಹೊಸೆದ; ಆಮೇಲೆ ಹುಳಿ ಹಾಲು, ಮಸಿ ಬಳಿದು ಕಲ್ಲಿಗೆ ವಯಸ್ಸು ತರಿಸಿದರು. ಎರಡೂ ಬಲಕ್ಕೆ ತಿರುಗಿದ್ದಕ್ಕೆ ಘನವಾದ ಕಾರಣವೇನೂ ಇರಲಿಲ್ಲ. ಮಾದರಿ ಬರೆದ ಕಾಗದ ಒಂದೇ ಇತ್ತು, ಎರಡನೆಯ ಕಂಬಕ್ಕೆ ಅದನ್ನು ಮಗುಚಿ ಹಾಕಿಕೊಳ್ಳುವುದನ್ನು ಅವನು ಮರೆತಿದ್ದ. ಕಲ್ಲುಕುಟಿಗರ ಯಜಮಾನ ಬೈದು ನೀರಿಳಿಸಿದ. ಧಣಿಗೆ ಮಾತ್ರ ವ್ಯತ್ಯಾಸವೇ ಕಾಣಲಿಲ್ಲ. ಬಾಗಿಲು ಹೊಸದೆಂದು ಯಾರೂ ಬಾಯಿಬಿಡಬಾರದೆಂದು ಅವನು ಎಲ್ಲರಿಂದ ಮಾತು ತೆಗೆದುಕೊಂಡ. ಅವನು ಸತ್ತ ಮೇಲೆ ಮಕ್ಕಳು ಮನೆಯನ್ನು ಭಾಗಮಾಡಿ ಮಾರಿದಾಗ ಜಸಿಂತು ಬಾಗಿಲಿರುವ ಭಾಗವನ್ನೇ ಹಟಹಿಡಿದು ಕೊಂಡ.

ಕಳೆದ ಜನವರಿಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯವರು ಕೊಟ್ಟ ಗಾಲಿಕುರ್ಚಿ ಬಾಗಿಲಿಗಿಂತ ನಾಲ್ಕು ಬೆರಳು ಅಗಲವಾಗಿತ್ತು. ನಲವತ್ತು ವರ್ಷದಿಂದ ಪ್ರತಿ ಮಂಗಳವಾರ ಜಿರಾಲ್ದು ಚೌಕದ ಕಮಾನುಗಳ ಕೆಳಗೆ ಕೂತು, ಹಂದಿಯ ಧಾರಣೆ, ಯಾರು ಸತ್ತರು, ಯಾರು ಸಾಯಬೇಕಿತ್ತು ಎಂದು ಹರಟುತ್ತಿದ್ದವನು ಈಗ ಅಡುಗೆಮನೆಯ ಗೋಡೆ ನೋಡುತ್ತ ಕೂತ. ಗೆಳೆಯರು ಹೊತ್ತುಕೊಂಡು ಹೋಗುತ್ತೇವೆಂದು ಬಂದರು.

“ನಾಲ್ಕು ಜನ ಹೊರೋ ದಿನ ಹೆಂಗೂ ಬರುತ್ತೆ, ಅವತ್ತು ಬನ್ರೋ,” ಎಂದು ಅಟ್ಟಿದ.

ಆರು ತಿಂಗಳಲ್ಲಿ ಅವನ ಊಟ ಅರ್ಧಕ್ಕೆ ಇಳಿಯಿತು, ಮಾತು ಕಾಲುಭಾಗಕ್ಕೆ. ಗಂಡ ಕಣ್ಣೆದುರೇ ಸವೆಯುತ್ತಿದ್ದಾನೆಂದು ಫೆಲಿಸ್ಮೀನಾಗೆ ಭಯ ಹತ್ತಿತು. ಬಾಗಿಲು ಅಗಲ ಮಾಡಲು ಅಪ್ಪಣೆ ಕೊಡಿ ಎಂದು ಹಳೆಯ ಕಟ್ಟಡಗಳನ್ನು ಕಾಯುವ ಕಚೇರಿಗೆ ಅರ್ಜಿ ಹಾಕಿದಳು. ಉತ್ತರದ ಜೊತೆ ಮೇಷ್ಟ್ರ ಅಭಿಪ್ರಾಯವೂ ಲಗತ್ತಾಗಿ ಬಂತು: ಅಪೂರ್ವ ಕೃತಿ, ಒಂದು ಕಲ್ಲನ್ನೂ ಅಲುಗಿಸಕೂಡದು.

“ನಿಜ ಹೇಳಿಬಿಡೋಣ,” ಎಂದಳು.

“ಧಣಿಗೆ ಮಾತು ಕೊಟ್ಟಿದೀನಿ.”

“ಆ ಧಣಿ ಮಣ್ಣಾಗಿ ಇಪ್ಪತ್ತೈದು ವರ್ಷ ಆಯ್ತು. ನಿಂಗೆ ಧಣಿ ಚಿಂತೆ ಅಲ್ಲ ಮುದುಕಾ, ಶನಿವಾರದ ಹೊಗಳಿಕೆ ಚಿಂತೆ.”

ಜಸಿಂತು ಮುಖ ತಿರುಗಿಸಿಕೊಂಡ. ಅವಳು ಹೇಳಿದ್ದು ಸರಿಯಾಗಿಯೇ ನಾಟಿತ್ತು.

ಮುಂದಿನ ಶನಿವಾರ ‘ಅಂಥ ಕೈ’ ಎಂಬಲ್ಲಿಗೆ ಬಂದಾಗ ಫೆಲಿಸ್ಮೀನಾ ಅಡುಗೆಯ ಏಪ್ರನ್ನಿಗೆ ಕೈ ಒರೆಸುತ್ತ ಹೊರಗೆ ಬಂದಳು. “ಆ ಕೈ ಒಳಗೆ ಸೂಪು ಕುಡೀತಾ ಇದೆ ಮೇಷ್ಟ್ರೇ. ಒಳಗೆ ಬನ್ನಿ, ತೋರಿಸ್ತೀನಿ.”

ಜನ ನಕ್ಕರು. ಮೇಷ್ಟ್ರು ನಗಲಿಲ್ಲ. ಅವಳು ಅವರನ್ನು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಬಳಿ ಕರೆದೊಯ್ದಳು. ಜಸಿಂತು ಮೊದಲು ಕೆತ್ತಿ, ಮೂಲೆ ಒಡೆದದ್ದರಿಂದ ಬಿಸಾಕಿದ್ದ ಕಂಬದ ತುಂಡು ಅದು. ಅದೇ ಹಗ್ಗ, ಬಲಕ್ಕೇ ತಿರುಗಿದ್ದು. ಅದರ ಏಣುಗಳ ಮೇಲೆ ಅವಳು ಅಷ್ಟು ವರ್ಷ ಹಾಸಿಗೆಬಟ್ಟೆ ಉಜ್ಜಿದ್ದಳು. ಮೇಷ್ಟ್ರು ಮೊಣಕಾಲೂರಿ ಕಲ್ಲನ್ನು ಮಗುಚಿದರು. ಹಿಂಬದಿಯಲ್ಲಿ ಕಲ್ಲುಗಣಿಯ ಯಂತ್ರ ಕೊಯ್ದ ನೇರ ಗೆರೆಗಳು ಹಾಗೇ ಇದ್ದವು. ಐನೂರು ವರ್ಷದ ಹಿಂದೆ ಯಂತ್ರ ಎಲ್ಲಿತ್ತು?

ಅವರು ಆ ಗೆರೆಗಳನ್ನು ಬೆರಳಿನಿಂದ ಒಂದೊಂದಾಗಿ ಸವರಿದರು. “ಇದರ ಮೇಲೆ ಹನ್ನೊಂದು ಪುಟ ಬರೆದಿದೀನಮ್ಮ,” ಎಂದರು ಕೊನೆಗೆ.

“ಹರಿದು ಹಾಕಿ. ನನ್ನ ಗಂಡ ಹೊರಗೆ ಬರಬೇಕು.”

ಮೇಷ್ಟ್ರು ಮಹಾ ಒಣಜಂಭದ ಮನುಷ್ಯ, ಆದರೆ ಸುಳ್ಳುಗಾರನಲ್ಲ. ಸೋಮವಾರವೇ ತಾವಾಗಿ ಕಚೇರಿಗೆ ಬರೆದುಕೊಟ್ಟರು. ಸೆಪ್ಟೆಂಬರಿನಲ್ಲಿ ಅಪ್ಪಣೆ ಬಂತು. ಫೆಲಿಸ್ಮೀನಾ ಹಿಗ್ಗಿನಿಂದ ಗಟ್ಟಿಯಾಗಿ ಓದಿದಳು: ಸದರಿ ಬಾಗಿಲಿಗೆ ಯಾವ ಮಹತ್ವವೂ ಇಲ್ಲ, ತೆಗೆಯಬಹುದು.

“ಇನ್ನೊಂದು ಸಲ ಓದು,” ಎಂದ ಜಸಿಂತು.

ಅವಳು ಓದಲು ಬಾಯಿ ತೆರೆದಳು. ಆಗ ತಾನು ಏನು ಓದುತ್ತಿದ್ದೇನೆಂದು ಅವಳಿಗೆ ಅರಿವಾಯಿತು. ಕಾಗದ ಮಡಿಸಿ ಡ್ರಾಯರಿನಲ್ಲಿಟ್ಟಳು.

ನಾಲ್ಕು ತಿಂಗಳ ಕೆಲಸವನ್ನು ಕೀಳಲು ಅರ್ಧ ದಿನ ಸಾಕಾಯಿತು. ಕಲ್ಲುಗಳು ಲಾರಿ ಹತ್ತಿ ಹೋದವು. ಅಗಲವಾದ ಸಿಮೆಂಟಿನ ಚೌಕಟ್ಟು ಬಂತು, ಮೇಲೆ ಸುಣ್ಣ ಬಳಿದರು; ಈಗ ಅದು ಓಣಿಯ ಇತರ ಮನೆಗಳ ಬಾಗಿಲಿಗಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಮಂಗಳವಾರ ಜಸಿಂತು ಚೌಕಕ್ಕೆ ಹೋದ. ಗೆಳೆಯರು ಎದ್ದು ಅಪ್ಪಿಕೊಂಡರು, ಇವನು ಇಬ್ಬರಿಗೆ ಬೈದ, ಎರಡು ಲೋಟ ವೈನ್ ಕುಡಿದ. ರಾತ್ರಿ ಹೊಟ್ಟೆತುಂಬ ಉಂಡ. ಫೆಲಿಸ್ಮೀನಾ ದೇವರಿಗೆ ಒಂದು ಮೇಣದಬತ್ತಿ ಹಚ್ಚಿ, ಇನ್ನು ಸಾಕು ಅಂದುಕೊಂಡಳು.

ಶನಿವಾರ ಹತ್ತಕ್ಕೆ ಅವನೇ ಕೇಳಿದ: “ನನ್ನ ಹೊರಗೆ ಕೂರಿಸೇ.”

“ಚೌಕಕ್ಕಾ?”

“ಬೇಡ. ಇಲ್ಲೇ, ಬಾಗಿಲ ಪಕ್ಕ.”

ಹತ್ತೂವರೆಗೆ ಓಣಿಯ ತಿರುವಿನಲ್ಲಿ ಮೇಷ್ಟ್ರು ಕಂಡರು, ಹಿಂದೆ ಹನ್ನೆರಡು ಜನ. ಆ ಓಣಿ ಬಿಟ್ಟರೆ ಚೌಕಕ್ಕೆ ಬೇರೆ ದಾರಿ ಸುತ್ತು. ಅವರು ತಲೆ ತಗ್ಗಿಸಿಕೊಂಡು, ಎದುರುಗೋಡೆಗೆ ಒತ್ತಿಕೊಂಡು, ಬಿರಬಿರನೆ ದಾಟಿಹೋಗುತ್ತಿದ್ದರು.

“ಮೇಷ್ಟ್ರೇ! ಇವತ್ತು ನಿಲ್ಲಲ್ವಾ?” ಎಂದು ಜಸಿಂತು ಕೂಗಿದ.

ಮೇಷ್ಟ್ರು ಅರ್ಧ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಇಲ್ಲಿ ನೋಡೋದಕ್ಕೆ ಇನ್ನೇನಿದೆ, ಜಸಿಂತು?”

“ನಾನಿದ್ದೀನಲ್ಲ,” ಎಂದ ಜಸಿಂತು.

ಮೇಷ್ಟ್ರು ನಿಂತರು. ಹಿಂದಿದ್ದವರೂ ನಿಂತು, ಏನು ನೋಡಬೇಕೆಂದು ಯಾರೂ ಹೇಳದ ಕಾರಣ, ಗಾಲಿಕುರ್ಚಿಯಲ್ಲಿದ್ದ ಮುದುಕನನ್ನೇ ನೋಡಿದರು.