ಕಣದಲ್ಲಿ ಒಣಗಿದ ಮದುವೆ

ವಸಂತಮ್ಮನವರು ಮೇಜಿನ ಮೇಲಿಟ್ಟ ವಿಡಿಯೋ ಕ್ಯಾಸೆಟ್ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಹುಸ್ನಾ ಮೂಸಿ ನೋಡಿದಳು. ಕಾಫಿ ವಾಸನೆ.

"ಇದಕ್ಕೇನು ಮಾಡಿದ್ರಿ ಅಮ್ಮ?"

"ಬೂಷ್ಟು ಹಿಡಿದಿತ್ತು ಮಾರಾಯ್ತಿ. ಪಾರ್ಚ್‌ಮೆಂಟ್ ಕಾಫಿ ಬೀಜದ ಜೊತೆ ನಾಲ್ಕು ದಿನ ಕಣದಲ್ಲಿ ಒಣಗಿಸಿದೆ. ಗಂಟೆಗೊಂದ್ಸಲ ಮಗುಚಿ ಹಾಕಿದೀನಿ. ಬೇಕಾದ್ರೆ ಮೇಸ್ತ್ರಿನ ಕೇಳು."

ಮೂಡಿಗೆರೆಯಲ್ಲಿ ಅಪ್ಪ ರಜಬ್ ಅಲಿಯ ಜೀಪ್ ಗ್ಯಾರೇಜಿಗೆ ಅಂಟಿಕೊಂಡ ಕೋಣೆಯಲ್ಲಿ ಹುಸ್ನಾ ಹಳೇ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಇಳಿಸಿಕೊಡುತ್ತಿದ್ದಳು. ಒಲೆ ಮೇಲಿನ ಅಟ್ಟದಲ್ಲಿ ಒಣಮೀನಿನ ಪಕ್ಕ ಇಟ್ಟು ತಂದವರನ್ನು ಅವಳು ಕಂಡಿದ್ದಳು. ಬಿಸಿಲಿಗೆ ಹರಡಿ ಮಗುಚಿದವರು ಇವರೇ ಮೊದಲು.

"ಬೂಷ್ಟಿದ್ದ ಹಾಗೇ ತಂದಿದ್ರೆ ಒಳ್ಳೇದಿತ್ತು."

"ಬೂಷ್ಟು ಬಂದಿದ್ದನ್ನ ಒಣಗಿಸದೆ ಉಪ್ಪಿನಕಾಯಿ ಹಾಕ್ತಾರಾ? ಶನಿವಾರದೊಳಗೆ ಬೇಕು ನೋಡು."

ಅವಸರಕ್ಕೆ ಕಾರಣ ಹೋಳಿಗೆ. ಮೂವತ್ತು ವರ್ಷದ ಹಿಂದೆ ಬಾಳೂರಿನಲ್ಲಿ ನಡೆದ ವಸಂತಮ್ಮನ ಮದುವೆಯಲ್ಲಿ, ಕೊನೇ ಪಂಕ್ತಿಗೆ ಕೂತ ತನ್ನ ಎಲೆಗೆ ಹೋಳಿಗೆಯೇ ಬರಲಿಲ್ಲವೆಂದು ನಾದಿನಿ ಕೃಷ್ಣಮ್ಮ ಹೇಳುತ್ತಲೇ ಬಂದಿದ್ದರು. ಯಾರ ಮನೆಯ ಊಟವಾದರೂ ಸರಿ, ಹೋಳಿಗೆ ಕಂಡ ಕೂಡಲೇ ಈ ಕತೆ ಶುರು. ಬರುವ ಭಾನುವಾರ ಕೃಷ್ಣಮ್ಮನ ಮಗಳ ನಿಶ್ಚಿತಾರ್ಥ. ಊಟಕ್ಕೆ ಹೋಳಿಗೆ.

"ಮುನ್ನೂರು ಜನಕ್ಕೆ ಅಂತ ನಮ್ಮಪ್ಪ ಐನೂರು ಜನಕ್ಕಾಗೋಷ್ಟು ಮಾಡಿಸಿದ್ರು. ಸಾಯೋವರೆಗೂ ನನ್ನ ಕೇಳೋರು, ನಿಜವಾಗ್ಲೂ ಸಾಲಲಿಲ್ವೇನೇ ಅಂತ. ನಂಗೇನು ಗೊತ್ತು? ಮದುಮಗಳು. ತಲೆ ಎತ್ತಿದ್ರೆ ಬೈತಿದ್ರು."

ಹುಸ್ನಾ ಸ್ಕ್ರೂ ಬಿಚ್ಚಿ, ಟೇಪಿನ ಸುರುಳಿಗಳನ್ನು ಸೊಟ್ಟ ಡಬ್ಬಿಯಿಂದ ತೆಗೆದು ಬೇರೊಂದು ಖಾಲಿ ಡಬ್ಬಿಗೆ ಕೂರಿಸಿದಳು. ಒಣಗಿ ಪುಡಿಯಾಗಿದ್ದ ಬೂಷ್ಟನ್ನು ಮೆತ್ತನೆ ಬ್ರಷ್ಷಿನಿಂದ ಉದುರಿಸಿದಳು. ಇದಕ್ಕೇ ಎರಡು ದಿನ ಹಿಡಿಯಿತು. ಶುಕ್ರವಾರ ವಸಂತಮ್ಮ ಸ್ಟೂಲ್ ಎಳೆದು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಕೂತರು.

ಧಾರೆ ಬಂತು. ಕ್ಯಾಮೆರಾದ ಬೆಳಕಿಗೆ ಕಣ್ಣು ಕಿರಿದು ಮಾಡಿ ಉಣ್ಣುವ ನೆಂಟರು ಬಂದರು. ಕೊನೇ ಪಂಕ್ತಿ ಬಂತು. ಮದುಮಕ್ಕಳ ಎಲೆ, ಮಾವನ ಎಲೆ, ಅದರ ಆಚೆ ಹಸಿರು ಸೀರೆಯ ಕೃಷ್ಣಮ್ಮ. ಬುಟ್ಟಿ ಹಿಡಿದವನು ಆ ಕಡೆಗೆ ತಿರುಗಿದ. ಅಷ್ಟೇ. ಪರದೆ ತುಂಬ ಬಿಳಿ ಚುಕ್ಕೆ.

"ಏಯ್! ಸರಿ ಮಾಡು!"

"ಆಗಲ್ಲಮ್ಮ. ಬಿಸಿಲಿಗೆ ಟೇಪು ನಡುವೆ ಸುಕ್ಕಾಗಿದೆ. ಹೋಗಿದ್ದು ಹೋಯ್ತು."

"ನಾನೇ ಒಣಗಿಸಿ ಹಾಳು ಮಾಡಿದೆ ಅನ್ನು."

"ಹೌದು," ಎಂದಳು ಹುಸ್ನಾ. ಸುಳ್ಳು ಸಮಾಧಾನ ಅವಳಿಗೆ ಬರುತ್ತಿರಲಿಲ್ಲ.

ವಸಂತಮ್ಮ ಬ್ಯಾಗ್ ಎತ್ತಿಕೊಂಡರು. ಆಗ ಹುಸ್ನಾಳಿಗೆ ಹೊಳೆಯಿತು: ಚಿತ್ರ ಇರುವುದು ಟೇಪಿನ ನಡುವೆ, ಧ್ವನಿ ಅಂಚಿನಲ್ಲಿ. ಅಂಚು ನೆಟ್ಟಗೇ ಇತ್ತು. ಪಕ್ಕದಲ್ಲಿ ಅಪ್ಪ ಜೀಪಿನ ಎಂಜಿನ್ ಗುರುಗುಟ್ಟಿಸುತ್ತಿದ್ದ. "ಅಪ್ಪಾ, ಒಂದ್ನಿಮಿಷ ಆಫ್ ಮಾಡಿ!" ಎಂದು ಕೂಗಿ, ಟೇಪು ಹಿಂದೆ ಓಡಿಸಿ, ವಾಲ್ಯೂಮ್ ಪೂರ್ತಿ ತಿರುಗಿಸಿದಳು.

ಬಿಳಿ ಚುಕ್ಕೆಗಳ ಹಿಂದಿನಿಂದ ಯಾರೋ, "ಕೃಷ್ಣೀ, ಇನ್ನೊಂದು ಹಾಕಿಸ್ಕೊಳ್ಳೇ" ಎಂದರು. ಆಮೇಲೆ ಎಳೇ ದನಿಯೊಂದು ಗಟ್ಟಿಯಾಗಿ: "ಸಾಕು ಮಾರಾಯ, ಸಾಕು! ಆಗ್ಲೇ ಎರಡು ಹೋಳಿಗೆ ತಿಂದಿದೀನಿ!"

ವಸಂತಮ್ಮ ಬ್ಯಾಗ್ ಕೆಳಗಿಟ್ಟರು. ಇನ್ನೊಂದು ಸಲ ಹಾಕು ಅಂದರು. ಆರು ಸಲ ಕೇಳಿದರು. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು, "ಅವಳ ಫೋನ್ ಬಂದಾಗ ಇದೇ ಕೂಗೋ ಹಾಗೆ ಮಾಡಕ್ಕಾಗುತ್ತಾ?" ಎಂದು ಕೇಳಿದರು.

ಐದು ನಿಮಿಷದ ಕೆಲಸ. ಭಾನುವಾರ ಎಷ್ಟು ಹೊತ್ತಿಗೆ ಬರ್ತೀರಿ ಎಂದು ಕೇಳಲು ಕೃಷ್ಣಮ್ಮ ಫೋನ್ ಮಾಡಿದಾಗ ವಸಂತಮ್ಮ ಇನ್ನೂ ಅಂಗಡಿಯ ಮೆಟ್ಟಿಲ ಮೇಲಿದ್ದರು.

"ಸಾಕು ಮಾರಾಯ, ಸಾಕು! ಆಗ್ಲೇ ಎರಡು ಹೋಳಿಗೆ..."

"ಎತ್ತಿ ಅಮ್ಮ," ಎಂದಳು ಹುಸ್ನಾ.

"ಇರು ಮಾರಾಯ್ತಿ. ಪೂರ್ತಿ ತಿನ್ಲಿ."